ಗರ್ಭಿಣಿಯ ಆರೈಕೆ, ಮಗುವಿನ ನಾಳೆ

ತಂದೆತಾಯಿಯಿಂದ ಬಂದ ವಂಶವಾಹಿಗಳಲ್ಲಿ ಯಾವುದು, ಯಾವಾಗ, ಎಷ್ಟು ಕೆಲಸ ಮಾಡಬೇಕೆಂಬುದನ್ನು ನಿರ್ಧರಿಸುವಲ್ಲಿ ಡಿಎನ್‌ಎಗೆ ಅಂಟಿಕೊಳ್ಳುವ ರಾಸಾಯನಿಕ ಗುರುತುಗಳ ಪಾತ್ರ ದೊಡ್ಡದು. ಇವುಗಳ ಅಧ್ಯಯನವೇ ಎಪಿಜೆನೆಟಿಕ್ಸ್. ಆಹಾರ, ಹೊಗೆ, ದೂಳು, ಮಾನಸಿಕ ಒತ್ತಡ ಈ ಗುರುತುಗಳನ್ನು ಬದಲಿಸಬಲ್ಲವು. ಗರ್ಭಾವಸ್ಥೆ ಮತ್ತು ಮಗುವಿನ ಮೊದಲ ಎರಡು ವರ್ಷ ಅತಿ ಸೂಕ್ಷ್ಮ ಕಾಲ.

ನೆದರ್ಲೆಂಡ್ಸ್‌ನ 1944–45ರ ಕ್ಷಾಮದ ವೇಳೆ ಗರ್ಭದಲ್ಲಿದ್ದವರ ಡಿಎನ್‌ಎ ಮೇಲಿನ ಈ ಗುರುತುಗಳಲ್ಲಿ ಆರು ದಶಕಗಳ ನಂತರವೂ ವ್ಯತ್ಯಾಸ ಕಂಡುಬಂತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹಳೆಯ ಜನನ ದಾಖಲೆಗಳನ್ನು ಆಧರಿಸಿ 1996ರಲ್ಲಿ ಪ್ರಕಟವಾದ ಅಧ್ಯಯನ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮುಂದೆ ಹೃದ್ರೋಗದ ಸಾಧ್ಯತೆ ಹೆಚ್ಚೆಂದು ತೋರಿಸಿತು.

ಆಹಾರದಷ್ಟೇ ದೂಳು, ಹೊಗೆಯ ಬಗ್ಗೆಯೂ ಎಚ್ಚರ ಬೇಕು. ಸಂಡೂರು, ಹೊಸಪೇಟೆ ಸುತ್ತ ಅದಿರು ಲಾರಿಗಳು ಓಡಾಡುವ ರಸ್ತೆಗಳ ಬದಿಯಲ್ಲಿ ಗಿಡದ ಎಲೆ, ಮನೆಯ ಚಾವಣಿ ದೂಳಿನಿಂದ ಕೆಂಪಾಗುತ್ತವೆ. ಅಂಥ ಮನೆಗಳಲ್ಲಿ ಒಣ ಕಸ ಗುಡಿಸುವುದಕ್ಕಿಂತ ಒದ್ದೆ ಬಟ್ಟೆಯಿಂದ ಒರೆಸುವುದು ಒಳ್ಳೆಯದು. ಗಣಿಯಿಂದ ಬಂದವರು ಸ್ನಾನ ಮಾಡಿ, ಬಟ್ಟೆ ಬದಲಿಸಿ ಮಗುವನ್ನು ಎತ್ತಿಕೊಳ್ಳಬೇಕು. ಕಂಪ್ಲಿಯ ಭತ್ತದ ಗದ್ದೆ, ಹಂಪಿ ಸುತ್ತಿನ ಬಾಳೆತೋಟಗಳಲ್ಲಿ ಔಷಧಿ ಹೊಡೆಯುವಾಗ ಗರ್ಭಿಣಿಯರು ದೂರವಿರಬೇಕು. ಔಷಧಿ ಹೊಡೆದವರ ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು. ಸೌದೆ ಒಲೆಯ ಹೊಗೆ, ಬೀಡಿ ಸಿಗರೇಟಿನ ಹೊಗೆ ಮನೆಯೊಳಗೆ ಬೇಡ.

ಡಿಎನ್‌ಎಗೆ ಅಂಟುವ ರಾಸಾಯನಿಕ ಗುರುತುಗಳಲ್ಲಿ ಒಂದು ಬಗೆಯಾದ ಮೀಥೈಲ್ ಗುರುತುಗಳಿಗೆ ಫೋಲೇಟ್, ಬಿ12 ಜೀವಸತ್ವಗಳು ಬೇಕು. ಸೊಪ್ಪು, ಹೆಸರುಕಾಳು, ಅಲಸಂದೆಯಲ್ಲಿ ಫೋಲೇಟ್ ಇದೆ. ಹಾಲು, ಮೊಸರು, ಮೊಟ್ಟೆಯಲ್ಲಿ ಬಿ12 ಸಿಗುತ್ತದೆ. 2017ರಿಂದ ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಯಲ್ಲಿ ಕೊಡುತ್ತಿರುವ ಬಿಸಿಯೂಟವನ್ನು ಬಿಡಬಾರದು. ಕಬ್ಬಿಣಾಂಶ-ಫೋಲಿಕ್ ಆಮ್ಲದ ಮಾತ್ರೆ ತಪ್ಪಿಸಬಾರದು.

ಕಡಿಮೆ ತೂಕದಲ್ಲಿ ಹುಟ್ಟಿದ ಮಾತ್ರಕ್ಕೆ ಕಾಯಿಲೆ ಬಂದೇ ಬರುತ್ತದೆಂದಲ್ಲ. ಹಿತಮಿತ ಊಟ, ದಿನನಿತ್ಯದ ನಡಿಗೆ, ಸಕ್ಕರೆ ಮತ್ತು ರಕ್ತದೊತ್ತಡದ ಸಕಾಲಿಕ ತಪಾಸಣೆ ಅಪಾಯವನ್ನು ತಗ್ಗಿಸುತ್ತವೆ.