ನಾಲ್ಕು ಕಿಲೋಮೀಟರ್ ದಾರಿ, ಎರಡು ಎಕರೆ ಹೊಲ

"ಇಲ್ಲೇ ಹತ್ರ ಸಾರ್, ನಾಲ್ಕೇ ನಾಲ್ಕು ಕಿಲೋಮೀಟರ್." ಗೌರಿಬಿದನೂರಿನ ಕೋರ್ಟ್ ಆವರಣದಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಹೆಚ್ಚಾಗಿ ಐವತ್ತು ದಾಟಿದ ರೈತರು. ಪಕ್ಕದಲ್ಲಿ ಮಗನೋ ಅಳಿಯನೋ ನಿಂತಿರುತ್ತಾನೆ. ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರೊಳಗೆ ಮಡಿಕೆಯಲ್ಲೇ ಹರಿದ ಆರ್‌ಸಿ, ಎಂದೋ ಮುಗಿದ ಇನ್ಶೂರೆನ್ಸ್ ಕಾಗದ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ನೋಟಿಸು.

ಒಬ್ಬರ ಕಥೆ ಹೇಳುತ್ತೇನೆ, ಹೆಸರು ಬೇಡ. ತೊಂಡೇಬಾವಿ ಕಡೆಯವರು. ಇಪ್ಪತ್ತು ವರ್ಷ ದಾಟಿದ ಹಳೆಯ ಟ್ರ್ಯಾಕ್ಟರನ್ನು ಕಡಿಮೆ ಬೆಲೆಗೆ ಕೊಂಡರು. ಮಾರಿದವರ ಮನೆ ಮುಂದಿನ ಹೊಂಗೆ ಮರದಡಿ ಅದು ವರ್ಷಗಟ್ಟಲೆ ನಿಂತಿತ್ತು. ಪೇಟೆಯ ಗ್ಯಾರೇಜಿನಲ್ಲಿ ಎಂಜಿನ್ ಸರಿಮಾಡಿಸಿ, ಸಂಜೆ ತಾವೇ ಓಡಿಸಿಕೊಂಡು ಊರಿಗೆ ಹೊರಟರು. ಟ್ರ್ಯಾಕ್ಟರಿನ ಎರಡು ಬ್ರೇಕ್ ಪೆಡಲ್‌ಗಳನ್ನು ಜೋಡಿಸುವ ಕೊಂಡಿ ಹಾಕಿರಲಿಲ್ಲ. ತಿರುವಿನಲ್ಲಿ ಒಂದೇ ಪೆಡಲ್ ಒತ್ತಿದ್ದರಿಂದ ಗಾಡಿ ಬಲಕ್ಕೆ ಎಳೆಯಿತು. ಡೇರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಎದುರಿಗೆ ಬರುತ್ತಿದ್ದ ಮೊಪೆಡ್ ಸವಾರ ಸತ್ತರು. ಆತನಿಗೆ ಹೆಂಡತಿ, ಇಬ್ಬರು ಮಕ್ಕಳು. ಟ್ರ್ಯಾಕ್ಟರಿನ ಇನ್ಶೂರೆನ್ಸ್ ಮುಗಿದು ಮೂರು ವರ್ಷವಾಗಿತ್ತು.

ಆ ದಿನ ನನ್ನ ಕಕ್ಷಿದಾರರಿಗೆ ಇದ್ದ ಭಯ ಒಂದೇ, ಪೊಲೀಸರು ಹಿಡಿದು ದಂಡ ಹಾಕುತ್ತಾರೆ ಅನ್ನುವುದು. ಜನ ಲೆಕ್ಕ ತಪ್ಪುವುದು ಇಲ್ಲೇ. ಇನ್ಶೂರೆನ್ಸ್ ಇಲ್ಲದೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 196ನೇ ಕಲಮಿನಲ್ಲಿ ಮೊದಲ ಸಲ 2,000 ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆ 2,000 ರೂಪಾಯಿಯನ್ನು ತಪ್ಪಿಸಿಕೊಳ್ಳಲು ಸಂಜೆಗತ್ತಲೆ ಕಾಯುತ್ತಾರೆ, ಒಳದಾರಿ ಹಿಡಿಯುತ್ತಾರೆ. ಕತ್ತಲಾದಷ್ಟೂ ಅಪಘಾತದ ಅಪಾಯ ಹೆಚ್ಚು. ಅಪಘಾತವಾಗಿ ಒಬ್ಬರು ಸತ್ತರೆ ಪರಿಹಾರ ಲಕ್ಷಗಳಲ್ಲಿ. ಪಾಲಿಸಿ ಇಲ್ಲದಿದ್ದರೆ ಅಷ್ಟೂ ನಿಮ್ಮ ಕೈಯಿಂದ ಹೋಗಬೇಕು. ನೀವು ಕೊಡದಿದ್ದರೆ ನ್ಯಾಯಮಂಡಳಿ 174ನೇ ಕಲಮಿನಡಿ ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಕಳಿಸಬಹುದು. ಆಗ ಆ ಹಣ ಭೂಕಂದಾಯದ ಬಾಕಿಯ ರೀತಿಯಲ್ಲಿ ವಸೂಲಾಗುತ್ತದೆ. ನನ್ನ ಕಕ್ಷಿದಾರರು ಎರಡು ಎಕರೆ ಮೆಕ್ಕೆಜೋಳದ ಹೊಲ ಮಾರಿದರು. ಹಾಲಿನವನ ಹೆಂಡತಿಗೆ ಹಣ ಸೇರುವಷ್ಟರಲ್ಲಿ ಆಕೆಯ ದೊಡ್ಡ ಮಗ ಓದು ಬಿಟ್ಟು ಕೆಲಸಕ್ಕೆ ಸೇರಿದ್ದ. ಇನ್ಶೂರೆನ್ಸ್ ಇಲ್ಲದ ಗಾಡಿ ಎರಡೂ ಮನೆ ಮುಳುಗಿಸುತ್ತದೆ.

"ನಮ್ಮೂರ ದಾರಿ, ಮೇನ್ ರೋಡಲ್ಲ" ಅನ್ನುವ ವಾದ ನಿಲ್ಲುವುದಿಲ್ಲ. ಜನರಿಗೆ ಓಡಾಡುವ ಹಕ್ಕಿರುವ ಯಾವ ಜಾಗವೂ ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳವೇ. ಡಾಂಬರು ಇರಬೇಕೆಂದಿಲ್ಲ. ಬೇಲಿಯೊಳಗಿನ ನಿಮ್ಮ ಸ್ವಂತ ಹೊಲದಲ್ಲಿ ಉಳುತ್ತಿರುವವರೆಗೆ ಮಾತು ಬೇರೆ. ಬದು ದಾಟಿ ಬಂಡಿದಾರಿಗೆ ಚಕ್ರ ಇಳಿಸಿದಿರೋ, ಕಾಯ್ದೆ ಪೂರ್ತಿ ಅನ್ವಯಿಸುತ್ತದೆ. ದೂರ ಎಷ್ಟು ಎಂದು ಅದು ಕೇಳುವುದಿಲ್ಲ.

ಹಾಗಾಗಿ ಮೊದಲ ಕೆಲಸ, ಗಾಡಿ ಕದಲಿಸುವ ಮುಂಚೆ ಥರ್ಡ್ ಪಾರ್ಟಿ ಪಾಲಿಸಿ. ಪೂರ್ತಿ ಪ್ಯಾಕೇಜು ಬೇಡ, ಹಳೆಯ ಗಾಡಿಗೆ ಅದು ದುಬಾರಿ. ಥರ್ಡ್ ಪಾರ್ಟಿ ದರವನ್ನು ಕೇಂದ್ರ ಸರ್ಕಾರವೇ ನಿಗದಿ ಮಾಡುತ್ತದೆ, ಕಂಪನಿಯಿಂದ ಕಂಪನಿಗೆ ಬದಲಾಗುವುದಿಲ್ಲ. "ಹಳೇ ಟ್ರ್ಯಾಕ್ಟರಿಗೆ ಮಾಡಲ್ಲ" ಅಂದರೆ, ಬರೆದುಕೊಡಿ ಎಂದು ಕೇಳಿ. ಬಹಳಷ್ಟು ಕಡೆ ಆ ಒಂದು ಮಾತಿಗೆ ದಾರಿ ತೆರೆಯುತ್ತದೆ.

ಪಾಲಿಸಿ ಕೈಗೆ ಬಂದ ತಕ್ಷಣ ಹೊರಡಬೇಡಿ. ಅದರ ಮೇಲೆ ಯಾವ ದಿನಾಂಕ, ಯಾವ ಗಂಟೆಯಿಂದ ಜಾರಿ ಎಂದು ಬರೆದಿದೆ, ಓದಿ. ಬೆಳಿಗ್ಗೆ ಹತ್ತಕ್ಕೆ ಹಣ ಕಟ್ಟಿದ್ದರೂ ಆ ದಿನ ಮಧ್ಯರಾತ್ರಿಯಿಂದ ಶುರು ಎಂದು ಅದರಲ್ಲಿ ಇರಬಹುದು. ಹಾಗಿದ್ದರೆ ಸಂಜೆ ಆರಕ್ಕೆ ಆದ ಅಪಘಾತಕ್ಕೆ ಕಂಪನಿ ಕೈ ಎತ್ತುತ್ತದೆ, ನ್ಯಾಯಾಲಯವೂ ಅದನ್ನೇ ಒಪ್ಪುತ್ತದೆ. ಚೆಕ್ಕು ಕೊಟ್ಟಿದ್ದರೆ ಅದು ಪಾಸಾಗಬೇಕು. ಎಂಜಿನ್ ನಂಬರು, ಚಾಸಿ ನಂಬರುಗಳನ್ನು ಗಾಡಿಯ ಮೇಲಿನದರ ಜೊತೆ ಹೋಲಿಸಿ. ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರು ಹಾಕಿ, ಇನ್ಶೂರೆನ್ಸ್ ಯಾವ ದಿನಾಂಕದವರೆಗೆ ಇದೆ ಎಂದು ನೋಡಿ. ನಕಲಿ ಪಾಲಿಸಿ ಕೈಗಿಟ್ಟು ಹೋದ ಏಜೆಂಟರ ಪ್ರಕರಣಗಳನ್ನು ನಾನೇ ನಡೆಸಿದ್ದೇನೆ. ರೈತನ ಅನಕ್ಷರತೆಯ ಮೇಲೆ ಬದುಕುವ ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಇನ್ನೊಂದು ಬಗೆಯವರಿದ್ದಾರೆ. ಅಪಘಾತವಾದ ಮೇಲೆ ಬಂದು, "ಹಿಂದಿನ ತಾರೀಕಿಗೆ ಪಾಲಿಸಿ ಮಾಡಿಸೋಣ, ಡ್ರೈವರನ್ನ ಬೇರೆ ತೋರಿಸೋಣ, ಇಷ್ಟು ಕೊಡಿ" ಅನ್ನುತ್ತಾರೆ. ಒಪ್ಪಿದಿರೋ, ಪರಿಹಾರದ ಕೇಸಿನ ಜೊತೆಗೆ ವಂಚನೆಯ ಕೇಸೂ ನಿಮ್ಮ ಮೇಲೆ ಬೀಳುತ್ತದೆ. ಹಣ ತಗೊಂಡವನು ಆಮೇಲೆ ಫೋನೇ ಎತ್ತುವುದಿಲ್ಲ.

ಇನ್ನು ಆರ್‌ಸಿ. ನಾನು ಹೇಳಿದ ಪ್ರಕರಣದಲ್ಲಿ ಆರ್‌ಸಿ ಮಾರಿದವರ ಹೆಸರಿನಲ್ಲೂ ಇರಲಿಲ್ಲ. ಅವರಿಗೆ ಮಾರಿದ್ದ ಮಂಚೇನಹಳ್ಳಿ ಕಡೆಯ ವೃದ್ಧರೊಬ್ಬರ ಹೆಸರಿನಲ್ಲೇ ಉಳಿದಿತ್ತು. ಟ್ರ್ಯಾಕ್ಟರನ್ನು ಎಂದೋ ಮರೆತಿದ್ದ ಆ ಅಜ್ಜನಿಗೂ ನೋಟಿಸು ಹೋಯಿತು. ಓಡಿಸಿದವರ ಜೊತೆ ಅವರೂ ಹೊಣೆಯಾದರು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ: ಗಾಡಿ ಎಷ್ಟು ಕೈ ಬದಲಿಸಿದ್ದರೂ ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ. ಮಾರಿದವರೇ, ಛಾಪಾ ಕಾಗದದ ಮೇಲೆ "ಇಂದಿನಿಂದ ಸಂಬಂಧವಿಲ್ಲ" ಎಂದು ಬರೆಸಿಕೊಂಡರೆ ನೀವು ಪಾರಾಗುವುದಿಲ್ಲ. ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ನೀವು ಫಾರಂ 29 ಸಲ್ಲಿಸಬೇಕು. ಕೊಂಡವರು 30 ದಿನದೊಳಗೆ ಫಾರಂ 30 ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಖಾಲಿ ಫಾರಂಗೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಡಬೇಡಿ, ಅವನು ಅದನ್ನು ವರ್ಷಾನುಗಟ್ಟಲೆ ಬೀರುವಿನಲ್ಲಿ ಇಟ್ಟಿರುತ್ತಾನೆ.

ನಮ್ಮ ತಾಲ್ಲೂಕಿನಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ನಮಗೆ ಚಿಕ್ಕಬಳ್ಳಾಪುರಕ್ಕಿಂತ ಹಿಂದೂಪುರ ಹತ್ತಿರ. ವಿದುರಾಶ್ವತ್ಥ ದಾಟಿದರೆ ಆಂಧ್ರ. ಅಲ್ಲಿ ಹಳೆಯ ಟ್ರ್ಯಾಕ್ಟರ್ ಅಗ್ಗಕ್ಕೆ ಸಿಗುತ್ತದೆ ಎಂದು ಹೋಗಿ ತರುತ್ತಾರೆ. ದೂರ ಕಡಿಮೆ ಇರಬಹುದು, ರಾಜ್ಯ ಬೇರೆ. ಅಲ್ಲಿನ ಕಚೇರಿಯಿಂದ ಫಾರಂ 28ರಲ್ಲಿ ಎನ್‌ಒಸಿ ಆಗಬೇಕು. ಗಾಡಿ ಇಲ್ಲೇ ಹನ್ನೆರಡು ತಿಂಗಳು ಮೀರಿ ಉಳಿದರೆ ಕರ್ನಾಟಕದ ನಂಬರು ಕಡ್ಡಾಯ. ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಬ್ಯಾಂಕ್ ಸಾಲ ಇನ್ನೂ ಆರ್‌ಸಿ ಮೇಲೆ ಇದ್ದರೆ, ಸಾಲ ತೀರಿದೆ ಎಂಬ ಬ್ಯಾಂಕಿನ ಪತ್ರ ಇಲ್ಲದೆ ಮುಂಗಡವನ್ನೂ ಕೊಡಬೇಡಿ.

ಹದಿನೈದು ವರ್ಷ ತುಂಬಿದ ಟ್ರ್ಯಾಕ್ಟರಿನ ನೋಂದಣಿ ತಾನಾಗಿ ಮುಂದುವರಿಯುವುದಿಲ್ಲ, ಫಾರಂ 25ರಲ್ಲಿ ನವೀಕರಿಸಬೇಕು. ಅದಕ್ಕೆ ಗಾಡಿಯನ್ನು ತಪಾಸಣೆಗೆ ತೋರಿಸಬೇಕಲ್ಲ, ನೋಂದಣಿ ಮುಗಿದ ಗಾಡಿಯನ್ನು ಓಡಿಸಿಕೊಂಡು ಹೋಗುವುದು ಹೇಗೆ? ಕಚೇರಿಯಲ್ಲಿ ಕೇಳಿದರೆ "ತಗೊಂಡು ಬನ್ನಿ" ಅನ್ನುವುದಷ್ಟೇ ಉತ್ತರ. ದಾರಿಯಲ್ಲಿ ಏನಾದರೂ ಆದರೆ ಅವರು ಬರುವುದಿಲ್ಲ. ಇಂಥ ಗಾಡಿಯನ್ನು ಲಾರಿ ಮೇಲೆ ಹೇರಿಕೊಂಡು ಹೋಗಿ.

ಕಾಗದ ಸರಿಯಿಲ್ಲದ ಹಳೆಯ ಟ್ರ್ಯಾಕ್ಟರಿಗೆ ಲಾರಿಯೇ ಸುರಕ್ಷಿತ ದಾರಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಲಾರಿಯ ಮೇಲೇರಿದ ಟ್ರ್ಯಾಕ್ಟರು ಸರಕು. ಆಗ ರಸ್ತೆಯಲ್ಲಿ ಓಡುತ್ತಿರುವುದು ಲಾರಿ, ನೋಡಬೇಕಾದ್ದು ಲಾರಿಯ ಇನ್ಶೂರೆನ್ಸು. ಆದರೆ ಇಲ್ಲೂ ಎಚ್ಚರ ಬೇಕು. 35 ಎಚ್‌ಪಿಯ ಟ್ರ್ಯಾಕ್ಟರು ಸುಮಾರು 1,700ರಿಂದ 1,800 ಕಿಲೋ ತೂಗುತ್ತದೆ. ಬಾಡಿಗೆ ಕಡಿಮೆ ಎಂದು ಸಣ್ಣ ಟೆಂಪೊಗೆ ಹೇರಬೇಡಿ. ಮಣ್ಣಿನ ದಿಬ್ಬದಿಂದ ಹಲಗೆ ಇಟ್ಟು ಹತ್ತಿಸುವಾಗ ಹಲಗೆ ಜಾರಿ ಟ್ರ್ಯಾಕ್ಟರು ಮಗುಚುವುದುಂಟು. ಹತ್ತಿಸಿದ ಮೇಲೆ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ನಾಲ್ಕೂ ಚಕ್ರಕ್ಕೆ ಮರದ ತುಂಡು ಕೊಟ್ಟು, ಮುಂದೆ ಹಿಂದೆ ಸರಪಳಿಯಿಂದ ಬಿಗಿಯಿರಿ. ನೂಲಿನ ಹಗ್ಗ ಸಾಲದು. ಸರಕಿನ ಮಾಲೀಕರಾಗಿ ನೀವು ಲಾರಿಯ ಕ್ಯಾಬಿನ್‌ನಲ್ಲಿ ಕೂತರೆ ಕಾಯ್ದೆಯ 147ನೇ ಕಲಮಿನ ರಕ್ಷಣೆ ನಿಮಗುಂಟು. ಹಿಂದೆ ಟ್ರ್ಯಾಕ್ಟರಿನ ಸೀಟಿನಲ್ಲೇ ಕೂತು ಹೋದರೆ ಕಂಪನಿ ತಕರಾರು ತೆಗೆಯುತ್ತದೆ.

ಕೆಟ್ಟ ಟ್ರ್ಯಾಕ್ಟರನ್ನು ಇನ್ನೊಂದರ ಹಿಂದೆ ಕಟ್ಟಿ ಎಳೆಯಬೇಕಾದರೆ ಎರಡರ ನಡುವೆ ಐದು ಮೀಟರಿಗಿಂತ ಹೆಚ್ಚು ಅಂತರ ಬೇಡ. ಎಳೆಸಿಕೊಳ್ಳುವ ಗಾಡಿಯ ಸ್ಟೇರಿಂಗ್ ಹಿಡಿದವನಿಗೂ ಲೈಸೆನ್ಸ್ ಬೇಕು. ಹಗ್ಗಕ್ಕೆ ಕೆಂಪು ಬಟ್ಟೆ ಕಟ್ಟಿ, ಹಿಂದೆ ಬೋರ್ಡು ಹಾಕಿ. ಬ್ರೇಕಿಲ್ಲದ ಗಾಡಿಯನ್ನು ಹಗ್ಗದಲ್ಲಿ ಎಳೆಯಲೇಬೇಡಿ, ಇಳಿಜಾರಿನಲ್ಲಿ ಅದು ಮುಂದಿನದಕ್ಕೆ ಗುದ್ದುತ್ತದೆ. ರೈಲ್ವೆ ಗೇಟು ಇರುವ ದಾರಿಯನ್ನು ಆದಷ್ಟು ತಪ್ಪಿಸಿ. ಹಗ್ಗ ಹಳಿಯ ಮೇಲೆ ತುಂಡಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಓಡಿಸಿಕೊಂಡೇ ಹೋಗುವುದಾದರೆ ಹಗಲು ಹೊತ್ತಿನಲ್ಲಿ ಹೋಗಿ. ಬ್ರೇಕ್ ಪೆಡಲ್‌ಗಳ ಕೊಂಡಿ ಹಾಕಿ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಬೇಡಿ. ಗದ್ದೆಯ ಕಬ್ಬಿಣದ ಚಕ್ರಗಳನ್ನು ಬಿಚ್ಚಿಯೇ ರಸ್ತೆಗೆ ಬನ್ನಿ. ಹಿಂದೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿ. ಲೈಸೆನ್ಸ್ ವಿಷಯದಲ್ಲಿ ಹಳೆಯ ಗೊಂದಲ ಈಗಿಲ್ಲ. ಖಾಲಿ ತೂಕ 7,500 ಕಿಲೋ ಮೀರದ ಟ್ರ್ಯಾಕ್ಟರು ಲಘು ವಾಹನದ ವ್ಯಾಖ್ಯೆಯೊಳಗೇ ಇದೆ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಎಲ್‌ಎಂವಿ ಲೈಸೆನ್ಸಿನ ವ್ಯಾಪ್ತಿಯನ್ನು ಎತ್ತಿಹಿಡಿದಿದೆ. ಬೈಕಿನ ಲೈಸೆನ್ಸ್ ಮಾತ್ರ ನಡೆಯದು. ಹದಿನೆಂಟು ತುಂಬದ ಮಗನ ಕೈಗೆ ಸ್ಟೇರಿಂಗ್ ಕೊಟ್ಟು ಹೆಮ್ಮೆಪಡುವ ಅಪ್ಪಂದಿರೇ, 199ಎ ಕಲಮಿನ ಪ್ರಕಾರ ನಿಮಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಒಂದು ವರ್ಷ ಗಾಡಿಯ ನೋಂದಣಿ ರದ್ದು.

ಮಡ್‌ಗಾರ್ಡಿನ ಮೇಲೆ ಯಾರನ್ನೂ ಕೂರಿಸಬೇಡಿ. ಟ್ರ್ಯಾಕ್ಟರಿನಲ್ಲಿ ಸೀಟು ಒಂದೇ, ಅದು ಓಡಿಸುವವನದು. ಮಡ್‌ಗಾರ್ಡಿನಿಂದ ಬಿದ್ದವನ ಪರಿಹಾರ ಪಾಲಿಸಿ ಇದ್ದರೂ ನಿಮ್ಮ ತಲೆಗೇ ಬರಬಹುದು. ಟ್ರೇಲರಿನಲ್ಲಿ ಕೂತ ಕೂಲಿಯಾಳುಗಳದ್ದೂ ಹೆಚ್ಚುಕಡಿಮೆ ಅದೇ ಪಾಡು. ಓರಿಯೆಂಟಲ್ ಇನ್ಶೂರೆನ್ಸ್ ವಿರುದ್ಧ ಬ್ರಿಜ್ ಮೋಹನ್ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್ ಕಂಪನಿ ಹೊಣೆಯಲ್ಲ ಎಂದಿತು. ಗಾಯಗೊಂಡ ಬಡ ಕೂಲಿಯ ಸ್ಥಿತಿ ನೋಡಿ, ಕಂಪನಿ ಮೊದಲು ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಲಿ ಎಂದು ಆದೇಶಿಸಿತು. "ಕಂಪನಿ ಕೊಟ್ಟಿತು, ಕೇಸು ಮುಗೀತು" ಎಂದು ನಿಶ್ಚಿಂತರಾದ ಎಷ್ಟೋ ಜನರ ಮನೆಗೆ ವರ್ಷ ಕಳೆದ ಮೇಲೆ ಆ ವಸೂಲಿ ನೋಟಿಸು ಬರುತ್ತದೆ. ಟ್ರೇಲರಿಗೆ ಬೇರೆ ನೋಂದಣಿ, ಬೇರೆ ಇನ್ಶೂರೆನ್ಸ್ ಎಂಬುದನ್ನೂ ಮರೆಯಬೇಡಿ.

ದಾರಿಯಲ್ಲಿ ತಡೆದರೆ ಹೆದರಿ ಒಳದಾರಿಗೆ ತಿರುಗಿಸಬೇಡಿ. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿರುವ ಆರ್‌ಸಿ, ಲೈಸೆನ್ಸ್, ಇನ್ಶೂರೆನ್ಸ್‌ಗಳಿಗೆ ಮೂಲ ಕಾಗದದಷ್ಟೇ ಬೆಲೆಯಿದೆ. ಮೂಲವೇ ಬೇಕು ಎಂದು ಹಟ ಹಿಡಿದರೆ ಅದು ಅವರ ತಪ್ಪು. ದಂಡ ಕಟ್ಟಿದರೆ ರಸೀದಿ ಕೇಳಿ. ರಸೀದಿ ಇಲ್ಲದೆ ಕೊಟ್ಟ ಹಣ ದಂಡವಲ್ಲ, ಲಂಚ. ಸಾರಿಗೆ ಕಚೇರಿಗೆ ಅರ್ಜಿ ಕೊಟ್ಟಾಗ ಸಕಾಲದ ಸ್ವೀಕೃತಿ ಸಂಖ್ಯೆ ಬರೆದುಕೊಳ್ಳಿ. ಗೊತ್ತುಪಡಿಸಿದ ದಿನ ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ನಿಮ್ಮ ಹಕ್ಕು. ಮೊತ್ತ ಚಿಕ್ಕದು, ಆದರೆ ಆ ಸಂಖ್ಯೆ ಕೈಯಲ್ಲಿರುವವನನ್ನು "ನಾಳೆ ಬಾ" ಎಂದು ಕಳಿಸುವುದು ಗುಮಾಸ್ತನಿಗೆ ಅಷ್ಟು ಸುಲಭವಲ್ಲ.

ಅಪಘಾತ ಆಗಿಯೇ ಹೋದರೆ ಓಡಿಹೋಗಬೇಡಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, 108ಕ್ಕೆ ಕರೆ ಮಾಡಿ. ಜನ ಮೈಮೇಲೆ ಬರುವಂತಿದ್ದರೆ ನೇರ ಠಾಣೆಗೆ ಹೋಗಿ, ಅದನ್ನು ಕಾನೂನು ಒಪ್ಪುತ್ತದೆ. ಹೆಚ್ಚೆಂದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಲೇಬೇಕು. ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ. ಇನ್ಶೂರೆನ್ಸ್ ಇಲ್ಲದ ಗಾಡಿ ಅಪಘಾತ ಮಾಡಿದರೆ, ಸಾಕಷ್ಟು ಭದ್ರತೆ ಕೊಡದ ಹೊರತು ನ್ಯಾಯಾಲಯ ಅದನ್ನು ಬಿಡುವುದಿಲ್ಲ. ಗಾಡಿ ಹರಾಜಾಗಿ ಹಣ ನ್ಯಾಯಮಂಡಳಿಗೆ ಹೋಗಬಹುದು. ನನ್ನ ಕಕ್ಷಿದಾರರು ಹೊಲದ ಜೊತೆ ಆ ಟ್ರ್ಯಾಕ್ಟರನ್ನೂ ಕಳೆದುಕೊಂಡರು.

ನ್ಯಾಯಮಂಡಳಿಯ ನೋಟಿಸು ಬಂದರೆ ಮಡಚಿ ಸೂರಿಗೆ ಸಿಕ್ಕಿಸಬೇಡಿ. ಹಾಜರಾಗದಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪಾಗುತ್ತದೆ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರು ಉಚಿತ. ಕಡಿಮೆ ಆದಾಯದ ಉಳಿದವರಿಗೂ ಸಿಗುತ್ತಾರೆ. ದೂರವಾಣಿ ಸಂಖ್ಯೆ 15100. ನೋಟಿಸು ತಗೊಂಡು ಬನ್ನಿ, ಕವರಿನ ಸಮೇತ ತನ್ನಿ. ಅದು ನಿಮ್ಮ ಕೈಗೆ ಯಾವ ದಿನ ಬಂತು ಎಂಬುದು ಆ ಕವರಿನ ಮೇಲೆ ಇರುತ್ತದೆ.