ಕಾಗೋಡಿನ ಕೊಳಗ

ಭೂಮಿಯನ್ನು ಉಳುವವನೊಬ್ಬ, ಅದರ ಒಡೆಯನೊಬ್ಬ. ನಮ್ಮ ನಾಡಿನಲ್ಲಿ ಬಹುಕಾಲ ನಡೆದುಬಂದ ಪದ್ಧತಿಯಿದು. ಉಳುವ ಗೇಣಿದಾರನು ಬೆಳೆದ ಬತ್ತದಲ್ಲಿ ಗೊತ್ತಾದಷ್ಟನ್ನು ಒಡೆಯನಿಗೆ ಗೇಣಿಯಾಗಿ ಅಳೆಯಬೇಕಾಗಿತ್ತು. ಕರಾರು ಬಹುಮಟ್ಟಿಗೆ ಬಾಯಿಮಾತಿನದು. ಕೊಟ್ಟ ಗೇಣಿಗೆ ರಶೀದಿ ದೊರೆಯುವುದು ಅಪರೂಪ. ಆದಕಾರಣ, 'ನಾಳೆಯಿಂದ ಗದ್ದೆಗೆ ಇಳಿಯಬೇಡ' ಎಂದು ಒಡೆಯನು ಹೇಳಿದರೆ, ತಲೆಮಾರುಗಳಿಂದ ಉತ್ತುಬಂದವನ ಬಳಿಯೂ ಹಕ್ಕನ್ನು ತೋರಿಸಲು ಒಂದು ಚೂರು ಕಾಗದವಿರುತ್ತಿರಲಿಲ್ಲ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿಯೂ ಗೇಣಿದಾರರ ಸ್ಥಿತಿ ಹೀಗೆಯೇ ಇತ್ತು. ಗೇಣಿ ಅಳೆಯುವ ಕೊಳಗವು ನಿಗದಿಯಾದ ಅಳತೆಗಿಂತ ದೊಡ್ಡದೆಂಬುದು ಅವರ ದೂರು. ಕೊಳಗ ಹಿರಿದಾದಷ್ಟೂ ರೈತನ ಕಣಜ ಬರಿದಾಗುವುದಷ್ಟೆ! ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ರೈತರು ಸಂಘಟಿತರಾಗಿ ನ್ಯಾಯವಾದ ಅಳತೆಯನ್ನು ಕೇಳಿದರು. ಕೇಳಿದವರನ್ನು ಗದ್ದೆಯಿಂದ ಒಕ್ಕಲೆಬ್ಬಿಸಲಾಯಿತು.

1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ರೈತರು ನೇಗಿಲು ಹೊತ್ತು, ತಂಡತಂಡವಾಗಿ, ತಮಗೆ ನಿಷಿದ್ಧವಾಗಿದ್ದ ಗದ್ದೆಗಳಿಗೆ ಇಳಿದು ಸೆರೆಯಾದರು. ಶಾಂತವೇರಿ ಗೋಪಾಲಗೌಡರು ಅವರೊಡನೆ ನಿಂತರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೂ ಕಾಗೋಡಿಗೆ ಬಂದು ಬಂಧನಕ್ಕೊಳಗಾದರು. ಚಳವಳಿಗೆ ಅಂದೇ ಜಯ ದೊರೆಯಲಿಲ್ಲ. ಆದರೆ ಒಂದು ಹಳ್ಳಿಯ ಕೊಳಗದ ವ್ಯಾಜ್ಯವು ಉಳುವವನಿಗೇ ಭೂಮಿ ಸಲ್ಲಬೇಕೆಂಬ ನಾಡಿನ ಕೂಗಾಗಿ ಬೆಳೆಯಿತು.

1961ರ ಭೂಸುಧಾರಣಾ ಕಾಯಿದೆಯು 1965ರಲ್ಲಿ ಜಾರಿಗೆ ಬಂದಿತು. ಅದು ಗೇಣಿದಾರನಿಗೆ ರಕ್ಷಣೆಯಿತ್ತರೂ, ಸ್ವಂತ ಸಾಗುವಳಿಯ ಕಾರಣದಿಂದ ಭೂಮಿಯನ್ನು ಹಿಂಪಡೆಯಲು ಒಡೆಯನಿಗೆ ಅವಕಾಶವನ್ನು ಉಳಿಸಿತ್ತು. ದೇವರಾಜ ಅರಸರ ಸರ್ಕಾರವು ತಂದ ತಿದ್ದುಪಡಿಯಂತೆ, 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರದ ವಶವಾದವು. ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ, ಆ ಭೂಮಿಗೆ ಹಕ್ಕುದಾರನಾಗಬಹುದಾಯಿತು. ಅರ್ಜಿಗಳ ವಿಚಾರಣೆಗಾಗಿ ಭೂನ್ಯಾಯಮಂಡಳಿಗಳು ರಚಿತವಾದವು. ಹಣವಂತನ ವಕೀಲನೆದುರು ಬಡವನು ಕಂಗೆಡದಿರಲೆಂದು, ಆರಂಭದಲ್ಲಿ ಅಲ್ಲಿ ವಕೀಲರಿಗೆ ಪ್ರವೇಶವೇ ಇರಲಿಲ್ಲ.

ಅರ್ಜಿಗೆ ಕೊನೆಯ ದಿನ 1979ರ ಜೂನ್ 30 ಎಂದು ಗೊತ್ತಾಯಿತು. ವಿಷಯವನ್ನರಿತು, ಒಡೆಯನಿಗೆ ಅಂಜದೆ ಅರ್ಜಿ ಕೊಟ್ಟು, ಸಾಗುವಳಿಯನ್ನು ಸಾಬೀತುಪಡಿಸಿದವನಿಗೆ ನೆಲ ದಕ್ಕಿತು. ಅಂಜಿ ಸುಮ್ಮನಿದ್ದವನಿಗೆ ಕಾಯಿದೆಯಿದ್ದೂ ಫಲವಿಲ್ಲ. ಪಹಣಿಯಲ್ಲಿ ಹೆಸರು, ಕೊಟ್ಟುದಕ್ಕೆ ರಶೀದಿ, ನೆರೆಯವರ ಸಾಕ್ಷ್ಯ, ಇವು ನೋಡಲು ಸಣ್ಣ ಸಂಗತಿಗಳು. ಆದರೆ ಬಲವಂತನು ಬಾಗಿಲಿಗೆ ಬಂದು 'ಹೊರಡು' ಎಂದಾಗ, ಬಡವನು 'ಹೊರಡೆನು' ಎಂದು ನಿಲ್ಲುವುದು ಇವುಗಳ ಆಧಾರದಿಂದಲೇ. ಹಕ್ಕನ್ನು ಅರಿಯಲು ಓದು ಬೇಕು; ಉಳಿಸಿಕೊಳ್ಳಲು ಧೈರ್ಯವೂ ಒಗ್ಗಟ್ಟೂ ಬೇಕು. ಕಾಗೋಡಿನ ರೈತರು ಕಲಿಸಿದ ಪಾಠವಿದು.