ಮೊದಲು ಕಡತದ ಹೊದಿಕೆಯನ್ನು ಓದಿರಿ
(ಪೈಥಾನ್ ಭಾಷೆಯ ಒಂದು ಪಾಠ)

ದಫ್ತರದಲ್ಲಿ ನಾಲ್ಕು ದಿನ ಕೆಲಸ ಮಾಡಿದ ಗುಮಾಸ್ತನಿಗೂ ಒಂದು ಸಂಗತಿ ಗೊತ್ತಿರುತ್ತದೆ. ಮೇಜಿನ ಮೇಲೆ ಕಡತ ಬಂದೊಡನೆ ಯಾರೂ ಅದರೊಳಗಿನ ಕಾಗದಗಳನ್ನು ಓದತೊಡಗುವುದಿಲ್ಲ. ಮೊದಲು ನೋಡುವುದು ಹೊದಿಕೆಯನ್ನು. ಅದರ ಸಂಖ್ಯೆ ಎಷ್ಟು, ಯಾವ ಶಾಖೆಯದು, ಕೊನೆಗೆ ಯಾವ ತಾರೀಖಿಗೆ ಕೈ ಬದಲಾಯಿತು, 'ಗೋಪ್ಯ' ಎಂಬ ಮುದ್ರೆ ಇದೆಯೇ, ಇಷ್ಟನ್ನು ನೋಡಿದ ಮೇಲೆಯೇ ದಾರ ಬಿಚ್ಚುವುದು.

ಈ ರೂಢಿ ನಿನ್ನೆ ಮೊನ್ನೆಯದಲ್ಲ. ನಮ್ಮ ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಶಹಜಹಾನ್, ಔರಂಗಜೇಬ್ ಇವರ ಕಾಲದ ದಖ್ಖಣದ ಕಾಗದಪತ್ರಗಳನ್ನು ಕಾಪಾಡಿದ್ದಾರೆ. ಮೊಗಲರ ದಫ್ತರದ ಪದ್ಧತಿಯಲ್ಲಿ ಆಜ್ಞೆಯ ಒಕ್ಕಣೆ ಒಂದು ಬದಿಗೆ. ಅದು ಯಾರ ಕೈ ದಾಟಿತು, ಎಂದು ದಾಖಲಾಯಿತು ಎಂಬ ಟಿಪ್ಪಣಿಗಳೂ ಮುದ್ರೆಗಳೂ ಹಿಂಬದಿಗೆ. ಹಿಂಬದಿಯನ್ನು ಓದದವನಿಗೆ ಒಕ್ಕಣೆಯ ಬೆಲೆ ಪೂರ್ತಿ ತಿಳಿಯದು.

ಗಣಕಯಂತ್ರದ ಕಡತಕ್ಕೂ ಇಂಥದೇ ಹೊದಿಕೆಯೊಂದುಂಟು. ಆದರೆ ಅದು ಕಣ್ಣಿಗೆ ಬೀಳುವುದಿಲ್ಲ, ನಾವಾಗಿ ಕೇಳಬೇಕು. ಕೇಳದೆ ಇದ್ದುದರಿಂದ ಆದ ಒಂದು ತಪ್ಪನ್ನು ಮೊದಲು ಒಪ್ಪಿಕೊಂಡು ಪಾಠಕ್ಕೆ ತೊಡಗುತ್ತೇವೆ.

ನಮ್ಮ ವಾಚನಾಲಯದ ಮೂಲೆಯಲ್ಲಿ ಒಂದು ಗಣಕಯಂತ್ರವಿರುವುದನ್ನು ತಾವೆಲ್ಲರೂ ಬಲ್ಲಿರಿ. ಪಗಾರದ ಚೀಟಿ ತೆಗೆಯಲು, ಅರ್ಜಿ ಕಳಿಸಲು, ಆಧಾರ್ ಪ್ರತಿ ಮುದ್ರಿಸಲು ಸದಸ್ಯರು ಅದನ್ನು ಬಳಸುತ್ತಾರೆ. ಅದರಲ್ಲಿರುವುದು ಲಿನಕ್ಸ್ ವ್ಯವಸ್ಥೆ. ಒಬ್ಬೊಬ್ಬರಿಗೆ ಒಂದೊಂದು ಖಾತೆ ಮಾಡಿಕೊಟ್ಟಿದ್ದೇವೆ. ಖಾತೆ ಬೇರೆಯಾದ ಮೇಲೆ ಒಬ್ಬರ ಕಾಗದ ಇನ್ನೊಬ್ಬರಿಗೆ ಕಾಣದೆಂದು ನಂಬಿ ಸುಮ್ಮನಿದ್ದೆವು. ಒಂದು ಸಂಜೆ ಪತ್ರಿಕೆ ಓದಲು ಬಂದ ಹುಡುಗನೊಬ್ಬನು, "ಅಣ್ಣಾರ, ಇಲ್ಲಿ ಯಾರದೋ ಬ್ಯಾಂಕಿನ ಪಾಸ್‌ಬುಕ್ ಕಾಣ್ತದ ನೋಡ್ರಿ" ಎಂದು ಕರೆದ. ಹೋಗಿ ನೋಡಿದರೆ ನಿಜ. ಕಾರ್ಖಾನೆಯಲ್ಲಿ ದುಡಿಯುವ ನಮ್ಮ ಸದಸ್ಯರೊಬ್ಬರು ಎಲ್ಲರೂ ಬಳಸುವ ಫೋಲ್ಡರಿನಲ್ಲಿ ಪಾಸ್‌ಬುಕ್ಕಿನ ಪ್ರತಿಯನ್ನೂ ಆಧಾರ್ ಪ್ರತಿಯನ್ನೂ ಉಳಿಸಿ ಹೋಗಿದ್ದರು. ವಾರಗಟ್ಟಲೆ ಅವು ಬಂದವರಿಗೆಲ್ಲ ತೆರೆದು ಬಿದ್ದಿದ್ದವು. ಆ ಹುಡುಗ ಒಳ್ಳೆಯವನು, ಕರೆದು ಹೇಳಿದ. ಎಲ್ಲರೂ ಹಾಗೆ ಹೇಳುವರೆಂಬ ಭರವಸೆ ಏನು? ತಪ್ಪು ಆ ಸದಸ್ಯರದಲ್ಲ. ಖಾತೆ ಕೊಟ್ಟು, ಬೀಗ ಹಾಕುವುದನ್ನು ಕಲಿಸದೆ ಬಿಟ್ಟ ನಮ್ಮದು. ಈ ಪಾಠ ಆ ಸಾಲವನ್ನು ತೀರಿಸುವ ಪ್ರಯತ್ನ.

ಹೊದಿಕೆಯಲ್ಲಿ ಏನಿದೆ?

ನಾವು ಬಳಸುವ ಭಾಷೆ ಪೈಥಾನ್. ಇದನ್ನು ಹಾಲೆಂಡಿನ ಗೀಡೊ ವಾನ್ ರೋಸಮ್ ಎಂಬವರು 1991ರಲ್ಲಿ ಹೊರತಂದರು. ಬರೆದ ಸಾಲನ್ನು ಅಲ್ಲಿಯೇ ನಡೆಸಿ ತೋರಿಸುವ ಭಾಷೆಯಾದ್ದರಿಂದ ದಫ್ತರದ ಸಣ್ಣಪುಟ್ಟ ಕೆಲಸಕ್ಕೆ ಅನುಕೂಲ, ಬೆಲೆ ಕೊಡಬೇಕಾಗಿಲ್ಲ. ಮುಂದೆ ಬರುವ ಆಜ್ಞೆಗಳ ಉಚ್ಚಾರವನ್ನು ಕನ್ನಡದಲ್ಲಿ ಕೊಟ್ಟಿದ್ದೇವೆ. ಯಂತ್ರಕ್ಕೆ ಕೊಡುವಾಗ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆಯತಕ್ಕದ್ದು.

ಪೈಥಾನಿನಲ್ಲಿ 'ಓ ಎಸ್' ಎಂಬ ಕಟ್ಟು ಇದೆ. ಅದರಲ್ಲಿನ 'ಸ್ಟ್ಯಾಟ್' ಎಂಬ ಆಜ್ಞೆಗೆ ಕಡತದ ಹೆಸರನ್ನು ಕೊಟ್ಟರೆ ಹೊದಿಕೆಯ ವಿವರಗಳೆಲ್ಲ ಬರುತ್ತವೆ. ನಮಗೆ ಮುಖ್ಯವಾದವು ನಾಲ್ಕು: ಗಾತ್ರ, ಒಡೆಯನ ಸಂಖ್ಯೆ, ಕೊನೆಯ ತಿದ್ದುಪಡಿಯ ವೇಳೆ, ಅಧಿಕಾರದ ಅಂಕಿ. ಇಲ್ಲೊಂದು ಸ್ವಾರಸ್ಯವಿದೆ. ಕಡತವನ್ನು ಓದುವ ಅಧಿಕಾರ ನಮಗಿಲ್ಲದಿದ್ದರೂ, ಅದಿರುವ ಫೋಲ್ಡರಿನವರೆಗೆ ಹೋಗುವ ದಾರಿ ತೆರೆದಿದ್ದರೆ, ಹೊದಿಕೆಯನ್ನು ನೋಡಬಹುದು. ಕಪಾಟಿನ ಗಾಜಿನ ಆಚೆಗಿರುವ ಕಡತದ ಬೆನ್ನನ್ನು ಓದಿದಂತೆ.

ಗಾತ್ರವನ್ನು ಯಂತ್ರ ಬೈಟುಗಳಲ್ಲಿ ಹೇಳುತ್ತದೆ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು. ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟು. 'ಕನ್ನಡ' ಎಂಬ ಮಾತು ಕಣ್ಣಿಗೆ ಮೂರಕ್ಷರ. ಯಂತ್ರಕ್ಕೆ ಅದು ಕ, ನ, ವಿರಾಮ, ನ, ಡ ಎಂದು ಐದು ಚಿಹ್ನೆ, ಅಂದರೆ 15 ಬೈಟು. ಆದ್ದರಿಂದ ಗಾತ್ರ ನೋಡಿ ಅಕ್ಷರ ಎಣಿಸಲು ಹೋಗಬಾರದು. ಕಡತದ ಹೆಸರಿಗೂ ಇದೇ ಲೆಕ್ಕ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಹೆಸರಿಗೆ 255 ಬೈಟುಗಳ ಮಿತಿ. ಕನ್ನಡದ ಹೆಸರಾದರೆ 85 ಚಿಹ್ನೆಗಳಿಗೆ ಮುಗಿಯಿತು. ಉದ್ದ ಹೆಸರಿಡುವ ನಮ್ಮ ಸದಸ್ಯರು ಇದನ್ನು ನೆನಪಿಡಬೇಕು.

ವೇಳೆಯ ಮಾತು. ಯಂತ್ರವು 1970ರ ಜನವರಿ 1ರ ಗ್ರೀನ್‌ವಿಚ್ ನಡುರಾತ್ರಿಯಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದಿದೆ. ಆ ಕ್ಷಣದಲ್ಲಿ ನಮ್ಮ ಗಡಿಯಾರದಲ್ಲಿ ಬೆಳಗಿನ ಐದೂವರೆ. ಯಾವುದಾದರೂ ಕಡತದ ವೇಳೆ '1970 ಜನವರಿ 1, 5-30' ಎಂದು ಕಂಡರೆ ಗಾಬರಿಯಾಗುವುದು ಬೇಡ. ಅದು ನಿಜವಾದ ತಾರೀಖಲ್ಲ, ಲೆಕ್ಕ ಸೊನ್ನೆಯಲ್ಲಿದೆ ಎಂದಷ್ಟೇ ಅರ್ಥ. ಇನ್ನೊಂದು ಎಚ್ಚರಿಕೆ: ತಿದ್ದುಪಡಿಯ ವೇಳೆಯನ್ನು ಕಡತದ ಒಡೆಯನು 'ಯುಟೈಮ್' ಎಂಬ ಆಜ್ಞೆಯಿಂದ ಬೇಕಾದಂತೆ ಬದಲಿಸಬಲ್ಲನು. ಆದುದರಿಂದ ತಾರೀಖು ಒಂದು ಸೂಚನೆ ಮಾತ್ರ. ಅದೊಂದನ್ನೇ ಸಾಕ್ಷಿಯೆಂದು ಹಿಡಿದು ಯಾರ ಮೇಲೂ ಆಪಾದನೆ ಹೊರಿಸಬಾರದು.

ಅಧಿಕಾರದ ಮೂರು ಅಂಕಿ

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯೂನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟಲು ತೊಡಗಿದರು. ಅದು ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದ ಕಾಲ, ಇಂದಿನ ನಮ್ಮ ವಾಚನಾಲಯದಂತೆ! ಲಿನಕ್ಸ್ ಆ ಪದ್ಧತಿಯನ್ನೇ ಅನುಸರಿಸಿದೆ. ಅದರಂತೆ ಜನರಲ್ಲಿ ಮೂರು ಬಗೆ: ಒಡೆಯ, ಒಡೆಯನ ಗುಂಪಿನವರು, ಉಳಿದವರು. ಅಧಿಕಾರವೂ ಮೂರು ಬಗೆ: ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1. ಒಬ್ಬೊಬ್ಬರಿಗೆ ಸಲ್ಲುವ ಅಧಿಕಾರಗಳನ್ನು ಕೂಡಿಸಿ ಮೂರು ಅಂಕಿಗಳನ್ನು ಸಾಲಾಗಿ ಬರೆದರೆ ಕಡತದ ಅಧಿಕಾರ ಸಿದ್ಧವಾಯಿತು.

644 ಎಂದರೆ ಒಡೆಯನು ಓದಬಲ್ಲ, ಬರೆಯಬಲ್ಲ. ಗುಂಪಿನವರೂ ಉಳಿದವರೂ ಓದಬಲ್ಲರು.
640 ಎಂದರೆ ಗುಂಪಿನವರು ಓದಬಲ್ಲರು. ಉಳಿದವರಿಗೆ ಏನೂ ಇಲ್ಲ.
600 ಎಂದರೆ ಒಡೆಯನೊಬ್ಬನಿಗೇ ಓದು, ಬರಹ.

ಅನೇಕ ಲಿನಕ್ಸ್ ಯಂತ್ರಗಳಲ್ಲಿ ಹೊಸ ಕಡತ ಹುಟ್ಟುವಾಗಲೇ 644 ಆಗಿರುತ್ತದೆ. ಆ ಸದಸ್ಯರ ಪಾಸ್‌ಬುಕ್ ಬೀದಿಗೆ ಬಿದ್ದುದು ಹೀಗೆ. ಯಾರೂ ಬೀಗ ಮುರಿಯಲಿಲ್ಲ, ಬೀಗವೇ ಇರಲಿಲ್ಲ.

ಈ ಅಂಕಿಯನ್ನು ತಿಳಿಯಲು 'ಸ್ಟ್ಯಾಟ್' ಕೊಟ್ಟ ಉತ್ತರದಲ್ಲಿ 'ಎಸ್‌ಟಿ ಅಡಿಗೆರೆ ಮೋಡ್' ಎಂಬುದನ್ನು ತೆಗೆದುಕೊಂಡು 'ಆಕ್ಟ್' ಎಂಬ ಆಜ್ಞೆಗೆ ಕೊಡಬೇಕು. ಬರುವ ಸಂಖ್ಯೆಯ ಕೊನೆಯ ಮೂರು ಅಂಕಿಗಳೇ ನಮಗೆ ಬೇಕಾದವು. ಅಧಿಕಾರ ಬದಲಿಸುವ ಆಜ್ಞೆ 'ಸಿಎಚ್ ಮೋಡ್'. ಇಲ್ಲಿ ಹೊಸಬರು ಎಡವುವ ಒಂದು ಕಲ್ಲಿದೆ. ಈ ಅಂಕಿಗಳು ಎಂಟರ ಲೆಕ್ಕದವು, ನಮ್ಮ ಹತ್ತರ ಲೆಕ್ಕದವಲ್ಲ. ಆದ್ದರಿಂದ 600ರ ಹಿಂದೆ ಸೊನ್ನೆಯನ್ನೂ ಇಂಗ್ಲಿಷಿನ 'ಓ' ಅಕ್ಷರವನ್ನೂ ಸೇರಿಸಿ ಬರೆಯಲೇಬೇಕು. ಬರೇ 600 ಎಂದರೆ ಯಂತ್ರವು ಅದನ್ನು ಎಂಟರ ಲೆಕ್ಕಕ್ಕೆ ತಂದು 1130 ಎಂದು ತಿಳಿಯುತ್ತದೆ. ಆಗ ಒಡೆಯನಿಗೇ ಓದುವ ಅಧಿಕಾರ ಹೋಗಿ, ಗುಂಪಿನವರಿಗೆ ಬರೆಯುವ ಅಧಿಕಾರ ಸಿಕ್ಕುತ್ತದೆ! ಮನೆಯವನು ಹೊರಗೆ, ನೆರೆಯವನು ಒಳಗೆ ಎಂಬಂತಾಗುತ್ತದೆ.

ಫೋಲ್ಡರಿನ ಮಾತು ಬೇರೆ

ನಮ್ಮ ಓದುಗರಾದ ಗುಮಾಸ್ತರೊಬ್ಬರು ತಮ್ಮ ಅನುಭವ ಹೇಳಿದರು. ಪಗಾರದ ಪಟ್ಟಿಯನ್ನು ಯಾರೂ ತಿದ್ದಬಾರದೆಂದು ಅದಕ್ಕೆ 444 ಅಧಿಕಾರ ಕೊಟ್ಟು ನಿಶ್ಚಿಂತರಾಗಿದ್ದರಂತೆ. ಮರುದಿನ ನೋಡಿದರೆ ಪಟ್ಟಿಯೇ ಮಾಯ. ತಿದ್ದಲಾಗದ ಕಡತ ಅಳಿಸಿಹೋದದ್ದು ಹೇಗೆ?

ಉತ್ತರ ಸರಳ. ಕಡತದೊಳಗೆ ಬರೆಯುವುದು ಕಡತದ ಅಧಿಕಾರಕ್ಕೆ ಸೇರಿದ್ದು. ಕಡತವನ್ನು ಅಳಿಸುವುದು ಅದಿರುವ ಫೋಲ್ಡರಿನ ಅಧಿಕಾರಕ್ಕೆ ಸೇರಿದ್ದು. ಫೋಲ್ಡರೆಂದರೆ ಕಡತಗಳ ಹೆಸರಿನ ಪಟ್ಟಿ. ಪಟ್ಟಿಯಲ್ಲಿ ಬರೆಯಬಲ್ಲವನು ಒಂದು ಹೆಸರನ್ನು ಹೊಡೆದುಹಾಕಲೂ ಬಲ್ಲನು. ಅವರ ಫೋಲ್ಡರು 777, ಅಂದರೆ ಎಲ್ಲರಿಗೂ ಎಲ್ಲವೂ. ಪೆಟ್ಟಿಗೆಗೆ ಬೀಗ ಹಾಕಿ, ಪೆಟ್ಟಿಗೆಯನ್ನು ರಸ್ತೆಯಲ್ಲಿಟ್ಟಂತಾಯಿತು. ಫೋಲ್ಡರಿನ ವಿಷಯದಲ್ಲಿ 'ನಡೆಸುವ' ಅಧಿಕಾರಕ್ಕೆ ಒಳಗೆ ಹೋಗುವ ಅಧಿಕಾರವೆಂದು ಅರ್ಥ. ಆದುದರಿಂದ ಸ್ವಂತ ಫೋಲ್ಡರಿಗೆ 600 ಸಾಲದು, 700 ಬೇಕು.

ಕೇಳುವುದೂ ತೆರೆಯುವುದೂ

'ಓ ಎಸ್' ಕಟ್ಟಿನಲ್ಲಿ 'ಆಕ್ಸೆಸ್' ಎಂಬ ಇನ್ನೊಂದು ಆಜ್ಞೆ ಇದೆ. 'ಈ ಕಡತವನ್ನು ನಾನು ಓದಬಹುದೇ?' ಎಂದು ಕೇಳಿದರೆ ಹೌದು ಅಥವಾ ಇಲ್ಲ ಎಂಬ ಉತ್ತರ ಬರುತ್ತದೆ. ಒಳ್ಳೆಯ ಸೌಕರ್ಯವೇ. ಆದರೆ ಈ ಉತ್ತರವನ್ನು ಪೂರಾ ನೆಚ್ಚಬಾರದು. ಕಾಚಿಗೂಡಾ ನಿಲ್ದಾಣದಲ್ಲಿ ಹಬ್ಬದ ಮುಂಚೆ ಬೆಂಗಳೂರಿನ ಗಾಡಿಗೆ ಜಾಗ ಕೇಳಿದವರಿಗೆ ಇದು ಗೊತ್ತು. 'ಎರಡು ಬರ್ತ್ ಇವೆ' ಎಂಬ ಮಾತು ಕಿವಿಗೆ ಬಿದ್ದು, ನಾವು ಚೀಟಿ ತುಂಬಿ ಕಿಟಕಿಗೆ ಕೊಡುವಷ್ಟರಲ್ಲಿ ಅವು ಬೇರೆಯವರ ಪಾಲಾಗಿರುತ್ತವೆ. ಹೇಳಿದವರು ಸುಳ್ಳಾಡಲಿಲ್ಲ, ನಡುವೆ ಹೊತ್ತು ಕಳೆಯಿತು. ಕಡತದಲ್ಲಿಯೂ ಕೇಳುವುದಕ್ಕೂ ತೆರೆಯುವುದಕ್ಕೂ ನಡುವೆ ಒಂದು ಕ್ಷಣವಿದೆ. ಆ ಕ್ಷಣದಲ್ಲಿ ಕಡತ ಅಳಿಯಬಹುದು, ಅಧಿಕಾರ ಬದಲಾಗಬಹುದು, ಕೆಟ್ಟ ಬುದ್ಧಿಯವನು ಆ ಹೆಸರಿನಲ್ಲಿ ಬೇರೆ ಕಡತವನ್ನೇ ಇಡಬಹುದು.

ಆದುದರಿಂದ ತೆರೆಯುವ ಉದ್ದೇಶವಿದ್ದರೆ ನೇರವಾಗಿ ತೆರೆಯಲು ಯತ್ನಿಸುವುದೇ ಸರಿಯಾದ ಕ್ರಮ. 'ಟ್ರೈ' ಎಂಬ ಮಾತಿನ ಕೆಳಗೆ ತೆರೆಯುವ ಸಾಲನ್ನೂ, 'ಎಕ್ಸೆಪ್ಟ್' ಎಂಬ ಮಾತಿನ ಕೆಳಗೆ ನಿರಾಕರಣೆ ಬಂದರೆ ಮಾಡತಕ್ಕದ್ದನ್ನೂ ಬರೆಯಬೇಕು. ಅಧಿಕಾರವಿಲ್ಲದಿದ್ದರೆ 'ಪರ್ಮಿಷನ್ ಎರರ್', ಕಡತವೇ ಇಲ್ಲದಿದ್ದರೆ 'ಫೈಲ್ ನಾಟ್ ಫೌಂಡ್ ಎರರ್' ಎಂದು ಯಂತ್ರ ಬೇರೆ ಬೇರೆಯಾಗಿಯೇ ಹೇಳುತ್ತದೆ. ಹೊದಿಕೆಯನ್ನು ಓದುವುದು ಪರಿಶೀಲನೆಗೆ, ತೆರೆಯುವುದು ಕೆಲಸಕ್ಕೆ. ಒಂದನ್ನು ಇನ್ನೊಂದರ ಬದಲಿಗೆ ಇಡಬಾರದು.

ಮಾಡತಕ್ಕ ಕೆಲಸ

ಈಗ ನಮ್ಮ ಯಂತ್ರದಲ್ಲಿ ನಾವು ಮಾಡಿದ್ದನ್ನು ಹೇಳುತ್ತೇವೆ. 'ಓ ಎಸ್' ಕಟ್ಟಿನ 'ವಾಕ್' ಎಂಬ ಆಜ್ಞೆಯಿಂದ ಫೋಲ್ಡರುಗಳನ್ನು ಒಂದೊಂದಾಗಿ ಹೊಕ್ಕು, ಪ್ರತಿ ಕಡತದ ಹೊದಿಕೆ ನೋಡಿ, ಮೂರನೆಯ ಅಂಕಿ ಸೊನ್ನೆಯಲ್ಲದಿದ್ದರೆ ಕಡತದ ಹೆಸರನ್ನು ಪಟ್ಟಿ ಮಾಡುವ ಹತ್ತು ಹನ್ನೆರಡು ಸಾಲಿನ ಕಾರ್ಯಕ್ರಮವೊಂದನ್ನು ಬರೆದೆವು. ಪಟ್ಟಿಯಲ್ಲಿ ಬಂದ ಕಡತಗಳನ್ನು ನಾವು ತೆರೆಯಲಿಲ್ಲ, ತೆರೆಯಬೇಕಾಗಿಯೂ ಇರಲಿಲ್ಲ. ಒಡೆಯರನ್ನು ಕರೆದು ತೋರಿಸಿದೆವು. ಬೇಕಾದುದನ್ನು ಅವರು 600 ಮಾಡಿಕೊಂಡರು, ಬೇಡವಾದುದನ್ನು ಅಳಿಸಿದರು. ಇನ್ನು ಮುಂದೆ ಹುಟ್ಟುವ ಕಡತಗಳು ತಾವಾಗಿಯೇ 600 ಆಗುವಂತೆ ಎಲ್ಲ ಖಾತೆಗಳಲ್ಲಿ 'ಯುಮಾಸ್ಕ್' ಎಂಬ ಏರ್ಪಾಡನ್ನು 077ಕ್ಕೆ ಇಟ್ಟಿದ್ದೇವೆ.

ಆದರೂ ಈ ಬೀಗದ ಮಿತಿಯನ್ನು ಮುಚ್ಚಿಡುವುದು ಸಲ್ಲದು. ಯಂತ್ರದ ಮೇಲಧಿಕಾರಿಯ ಖಾತೆಗೆ ಈ ಅಂಕಿಗಳು ಅಡ್ಡಿಯಲ್ಲ. ಅವನು ಎಲ್ಲವನ್ನೂ ಓದಬಲ್ಲ. ಪೆನ್‌ಡ್ರೈವುಗಳಲ್ಲಿ ಹೆಚ್ಚಾಗಿ ಬಳಸುವ ಫ್ಯಾಟ್ ಎಂಬ ಪದ್ಧತಿಯಲ್ಲಿ ಒಡೆಯನ ಹೆಸರಿಗೂ ಅಧಿಕಾರದ ಅಂಕಿಗೂ ಜಾಗವೇ ಇಲ್ಲ. 600 ಮಾಡಿದ ಕಡತವನ್ನು ಅದಕ್ಕೆ ಇಳಿಸಿಕೊಂಡರೆ ಬೀಗ ಹಿಂದೆಯೇ ಉಳಿಯಿತೆಂದು ತಿಳಿಯಿರಿ. ವಿಂಡೋಸ್ ಯಂತ್ರಗಳಲ್ಲಿ ಅಧಿಕಾರದ ಪದ್ಧತಿಯೇ ಬೇರೆ. ಅಲ್ಲಿ ಪೈಥಾನಿನ 'ಸಿಎಚ್ ಮೋಡ್' ಆಜ್ಞೆಯಿಂದ 'ಓದಲು ಮಾತ್ರ' ಎಂಬ ಗುರುತನ್ನು ಹಾಕಬಹುದು, ತೆಗೆಯಬಹುದು, ಅಷ್ಟೇ.

ಹಾಗಾದರೆ ಊರು ಬಿಟ್ಟು ಬಂದು ದುಡಿಯುವ ನಮ್ಮಂಥವರು ಏನು ಮಾಡಬೇಕು? ನಮ್ಮ ಬದುಕಿನ ಆಧಾರವೆಲ್ಲ ಈಗ ನಾಲ್ಕಾರು ಕಾಗದಗಳಲ್ಲಿದೆ. ಅಂಗಡಿಯ ಯಂತ್ರದಲ್ಲಿ ಪ್ರತಿ ತೆಗೆಸಿದಾಗ, ಕೆಲಸ ಮುಗಿದೊಡನೆ ಎದುರಿಗೇ ಅಳಿಸಲು ಹೇಳಿರಿ; ಅಳಿಸಿದ್ದು ಕಸದ ಬುಟ್ಟಿಯಲ್ಲಿ ಉಳಿದಿದ್ದರೆ ಅಲ್ಲಿಂದಲೂ ತೆಗೆಸಿರಿ. ಪೂರ್ತಿ ಸಂಖ್ಯೆ ಬೇಡವಾದ ಕಡೆಗೆ, ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಆಧಾರ್ ಪ್ರತಿಯನ್ನೇ ಕೊಡಿರಿ. ಅಂಥ ಪ್ರತಿಯನ್ನು ಆಧಾರ್ ಪ್ರಾಧಿಕಾರವೇ ಒದಗಿಸುತ್ತದೆ. ಸಂಕೋಚ ಬೇಡ. ಕೇಳುವುದು ನಿಮ್ಮ ಹಕ್ಕು.

ಅಭ್ಯಾಸ

1. ಸಂಘದ ವಂತಿಗೆ ಪಟ್ಟಿಯನ್ನು ಕಾರ್ಯದರ್ಶಿ ಬರೆಯಬೇಕು, ಸಮಿತಿಯ ಗುಂಪು ಓದಬೇಕು, ಉಳಿದವರು ನೋಡಬಾರದು. ಯಾವ ಮೂರು ಅಂಕಿ ಸರಿ?
2. 'ಪಗಾರ' ಎಂಬ ಮಾತನ್ನಷ್ಟೇ ಬರೆದ ಕಡತದ ಗಾತ್ರ ಎಷ್ಟು ಬೈಟು?
3. 600 ಅಧಿಕಾರದ ಕಡತವು 777 ಅಧಿಕಾರದ ಫೋಲ್ಡರಿನಲ್ಲಿದೆ. ಬೇರೆಯವನು ಅದನ್ನು ಓದಬಲ್ಲನೇ? ಅಳಿಸಬಲ್ಲನೇ?

ಉತ್ತರಗಳು: 640, ನಾಲ್ಕು ಚಿಹ್ನೆ, 12 ಬೈಟು, ಓದಲಾರ, ಆದರೆ ಅಳಿಸಬಲ್ಲ.

ಮೂರನೆಯ ಪ್ರಶ್ನೆಗೆ ಸರಿಯುತ್ತರ ಕೊಟ್ಟವರು ಪಾಠದ ಸಾರವನ್ನು ಹಿಡಿದರೆಂದೇ ತಿಳಿಯುತ್ತೇವೆ. ಸಂದೇಹವುಳ್ಳವರು ಕೆಲಸ ಬಿಟ್ಟ ಮೇಲೆ ಸಂಜೆ ವಾಚನಾಲಯಕ್ಕೆ ಬರಬೇಕು. ಯಂತ್ರದ ಮುಂದೆ ಕೂತು ಜೊತೆಯಾಗಿ ಮಾಡಿ ನೋಡೋಣ. ಬರುವಾಗ ನಿಮ್ಮ ಖಾತೆಯ ಹೊದಿಕೆಗಳನ್ನು ಒಮ್ಮೆ ನೋಡಿಕೊಂಡೇ ಬನ್ನಿರಿ.